ಸೊಪ್ಪಿನ ಕೈ, ರೋಗದ ಕೈ

ಕ್ಷಯ ರೋಗಿಗಳ ವಾರ್ಡಿನಲ್ಲಿ ನಾನು ದಾದಿಯಾಗಿ ಕೆಲಸ ಮಾಡುತ್ತಿದ್ದೇನೆ. ಹೊಸದಾಗಿ ಬಂದವರು ಮೊದಲ ವಾರದಲ್ಲಿ ಡಾಕ್ಟರನ್ನು ಕೇಳುವ ಪ್ರಶ್ನೆ ಒಂದು, ನನ್ನನ್ನು ಕೇಳುವ ಪ್ರಶ್ನೆ ಇನ್ನೊಂದು. ಡಾಕ್ಟರನ್ನು ಕೇಳುವುದು, ಬದುಕುತ್ತೇನೆಯೇ ಎಂದು. ನನ್ನನ್ನು ಕೇಳುವುದು, ಮನೆಯವರು ಯಾವಾಗ ಬರುತ್ತಾರೆ ಎಂದು. ಮೊದಲನೆಯದಕ್ಕೆ ಡಾಕ್ಟರು ಏನಾದರೂ ಹೇಳುತ್ತಾರೆ. ದೊಡ್ಡ ಊರುಗಳಿಗೆ ಹೊಸ ಸೂಜಿಮದ್ದು ಬಂದಿದೆ ಎಂಬ ಸುದ್ದಿ ಇರುವುದರಿಂದ ಈಗೀಗ ಸ್ವಲ್ಪ ಧೈರ್ಯವಾಗಿಯೇ ಹೇಳುತ್ತಾರೆ. ಎರಡನೆಯದಕ್ಕೆ, ನಾನೂ ಇಂಥದೇ ಮಂಚದ ಮೇಲೆ ಹದಿನಾಲ್ಕು ತಿಂಗಳು ಮಲಗಿದ್ದೆ, ಇದೇ ಪ್ರಶ್ನೆ ಕೇಳುತ್ತಿದ್ದೆ ಎಂದಷ್ಟೇ ಹೇಳುತ್ತೇನೆ. ಕೆಲವರು ಮುಂದೇನಾಯಿತು ಎಂದು ಕೇಳುತ್ತಾರೆ. ಮಂಚದಿಂದ ಮಂಚಕ್ಕೆ ಓಡಾಡುವಾಗ ಹೇಳಿ ಮುಗಿಸುವ ಮಾತಲ್ಲವಾದ್ದರಿಂದ ಬರೆದಿಡುತ್ತಿದ್ದೇನೆ.

ವಾರ್ಡಿನಲ್ಲಿ ನಮಗೊಂದು ವರದಿ ಪುಸ್ತಕವಿದೆ. ಕಂಡದ್ದನ್ನು, ಕೇಳಿದ್ದನ್ನು, ಹೊತ್ತು ಹಾಕಿ ಬರೆಯಬೇಕು. ಅನಿಸಿದ್ದನ್ನು ಬರೆಯುವಂತಿಲ್ಲ. ಇಲ್ಲಿಯೂ ಆದಷ್ಟು ಹಾಗೆಯೇ ಬರೆಯುತ್ತೇನೆ.

ನಮ್ಮದು ಕೋಲಾರದ ಹತ್ತಿರ ಸುಗಟೂರು. ಮನೆಯಲ್ಲಿ ನಾಲ್ಕು ಜನ. ಅಪ್ಪ, ಅಮ್ಮ, ಗಂಡ ತೀರಿಕೊಂಡ ಮೇಲೆ ಮುಳಬಾಗಿಲಿನಿಂದ ಅಣ್ಣನ ಮನೆಗೆ ಬಂದು ಉಳಿದ ಅತ್ತೆ ಪಾಪಮ್ಮ, ಮತ್ತು ನಾನು, ಲಚ್ಚಿ. ಮಿಕ್ಕ ಜಾಗವೆಲ್ಲ ರೇಷ್ಮೆ ಹುಳುವಿನದು. ಪಡಸಾಲೆಯ ಮೂರು ಪಾಲಿನಲ್ಲಿ ಎರಡು ಪಾಲು ಬಿದಿರಿನ ತಟ್ಟೆಗಳ ಅಟ್ಟಣೆ, ಒಂದು ಪಾಲಿನಲ್ಲಿ ನಾವು. ಹುಳು ಬಲಿತಾಗ ಅವು ಸೊಪ್ಪು ಮೇಯುವ ಸದ್ದು ಒಣಗಿದ ಎಲೆಯ ಮೇಲೆ ಯಾರೋ ನಿಧಾನವಾಗಿ ನಡೆದಾಡಿದಂತೆ ಕೇಳುತ್ತಿತ್ತು. ಆ ಸದ್ದಿಲ್ಲದ ಮನೆಯಲ್ಲಿ ನನಗೆ ಈಗಲೂ ಸರಿಯಾಗಿ ನಿದ್ದೆ ಬರುವುದಿಲ್ಲ.

ಹುಳು ಸಾಕುವ ಮನೆಗಳಲ್ಲಿ ಒಬ್ಬೊಬ್ಬರದು ಒಂದೊಂದು ಶಿಸ್ತು. ಹೊರಗಿನವರನ್ನು ಒಳಗೆ ಬಿಡದಿರುವುದು, ಒಗ್ಗರಣೆಯ ಘಾಟು ತಾಗದಂತೆ ನೋಡಿಕೊಳ್ಳುವುದು ಎಲ್ಲ ಕಡೆಯೂ ಇದ್ದದ್ದೇ. ಅಮ್ಮ ಅದರ ಮೇಲೆ ಇನ್ನೊಂದು ಕಟ್ಟುಪಾಡನ್ನು ತನ್ನ ತವರು ವಕ್ಕಲೇರಿಯಿಂದ ತಂದಿದ್ದಳು. ಬೆಳೆ ಶುರುವಾದ ದಿನ ಮನೆಯವರ ಕೈಗಳನ್ನು ಎರಡು ಪಾಲು ಮಾಡುತ್ತಿದ್ದಳು. ಸೊಪ್ಪು ಹಾಕುವವರದು ಸೊಪ್ಪಿನ ಕೈ. ಕಾಯಿಲೆ ಬಿದ್ದ ಹುಳುಗಳನ್ನು ಆರಿಸಿ ಹೊರಗೆ ಹಾಕುವವರದು ರೋಗದ ಕೈ. ರೋಗದ ಕೈಯವರು ಸೊಪ್ಪು ಮುಟ್ಟುವಂತಿಲ್ಲ. ಸೊಪ್ಪಿನ ಕೈಯವರನ್ನೂ ಮುಟ್ಟುವಂತಿಲ್ಲ. ಹುಳುವೆಲ್ಲ ಹಣ್ಣಾಗಿ, ಚಂದ್ರಿಕೆ ಎನ್ನುವ ಬಿದಿರಿನ ಚಾಪೆ ಏರಿ ಗೂಡು ಕಟ್ಟುವವರೆಗೆ, ಅಂದರೆ ಹೆಚ್ಚು ಕಡಿಮೆ ಒಂದು ತಿಂಗಳು, ಇದೇ ನಿಯಮ.

ನನ್ನನ್ನು ಏಳನೇ ವರ್ಷಕ್ಕೆ ರೋಗದ ಕೈಗೆ ಹಾಕಿದಳು. ಮಕ್ಕಳ ಕಣ್ಣು ಚುರುಕು, ಬೆರಳು ಸಣ್ಣ ಎಂಬುದು ಕಾರಣ. ಮೊದಲ ದಿನ ತಟ್ಟೆಯನ್ನು ಬಾಗಿಲ ಬೆಳಕಿಗೆ ಎಳೆದು ನನ್ನನ್ನು ಕೂರಿಸಿದಳು.

"ಮೊದ್ಲು ನೋಡು, ಆಮೇಲೆ ಕೈ ಹಾಕು," ಎಂದಳು. "ತಿನ್ನೋ ಹುಳ ನಡುವೆ ಇರತ್ತೆ. ಸೊಪ್ಪು ಬಿಟ್ಟು ಅಂಚಿಗೆ ಬಂದು ಸುತ್ತಾಡೋದನ್ನ ನೋಡು. ಅದು ಹಾಲುತೊಂಡೆ."

ಹಾಲುತೊಂಡೆ ಬಂದ ಹುಳುವಿನ ಮೈ ಊದಿಕೊಂಡು, ಮುಟ್ಟಿದರೆ ಹಾಲಿನಂಥ ನೀರು ಒಸರುತ್ತದೆ. ಅದು ಬಿದ್ದ ಸೊಪ್ಪನ್ನು ತಿಂದ ಹುಳುವೂ ಹೋಯಿತು. ಅದಕ್ಕಾಗಿ ಎರಡು ಕಡ್ಡಿಗಳಿಂದ ಮೆಲ್ಲಗೆ ಎತ್ತಿ, ಹಿತ್ತಿಲಲ್ಲಿದ್ದ ಸುಣ್ಣದ ಗುಂಡಿಗೆ ಹಾಕಿ, ತಿರುಗಿ ನೋಡದೆ ಬರಬೇಕು. ಹತ್ತನೇ ವರ್ಷಕ್ಕೆ ನನಗೆ ಈ ಕೆಲಸ ಎಷ್ಟು ಕೈಗೆ ಹತ್ತಿತೆಂದರೆ, ಅಕ್ಕಪಕ್ಕದ ಮನೆಯವರು ನಮ್ಮ ಬಾಗಿಲಲ್ಲಿ ನಿಂತು "ಲಚ್ಚೀನ ಒಂದ್ಗಳಿಗೆ ಕಳಿಸಿ" ಎಂದು ಕೇಳುತ್ತಿದ್ದರು. ಅಮ್ಮ ಕಳಿಸುತ್ತಿರಲಿಲ್ಲ. ನನಗೆ ಹೆಮ್ಮೆ ಇತ್ತು. ಶಾಲೆಯಲ್ಲಿ ಯಾರೋ ದೊಡ್ಡವಳಾದ ಮೇಲೆ ಏನಾಗುತ್ತೀಯ ಎಂದಾಗ ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ನಾನು ಆಗಲೇ ಆಗಿದ್ದೆ.

ಆ ಹೆಮ್ಮೆಗೆ ಬೆಲೆಯೂ ಇತ್ತು. ಬೆಳೆ ಇರುವಷ್ಟು ದಿನ ಅಮ್ಮ ನನ್ನನ್ನು ಮುಟ್ಟುತ್ತಿರಲಿಲ್ಲ. ಜಡೆ ಹಾಕುತ್ತಿದ್ದವಳು ಪಾಪಮ್ಮತ್ತೆ. ಅವಳು ಅಡಿಗೆಮನೆಯವಳು, ಯಾವ ಕೈಗೂ ಸೇರಿದವಳಲ್ಲ. ಗೂಡು ಬಿಡಿಸಿದ ದಿನ ಮಾತ್ರ ಅಮ್ಮ ಹಂಡೆಗೆ ನೀರು ತುಂಬಿಸಿ, ಹರಳೆಣ್ಣೆ ಬಿಸಿ ಮಾಡಿ, ನನ್ನನ್ನು ಮಣೆಯ ಮೇಲೆ ಕೂರಿಸಿ ತಲೆಗೆ ತಟ್ಟುತ್ತಿದ್ದಳು. ಹೆಬ್ಬೆರಳನ್ನು ಕಿವಿಯ ಹಿಂದೆ ಒತ್ತಿ, ಹಣೆಯಿಂದ ನೆತ್ತಿಗೆ, ನೆತ್ತಿಯಿಂದ ಕುತ್ತಿಗೆಗೆ. ವರ್ಷಕ್ಕೆ ಐದು ಬೆಳೆ, ಐದು ಎಣ್ಣೆಸ್ನಾನ. ಉಳಿದ ದಿನಗಳಲ್ಲಿ ನಾನು ಅದನ್ನು ಕಾಯುತ್ತಿದ್ದೆ.

ಯುರೋಪಿನಲ್ಲಿ ಎರಡನೇ ಯುದ್ಧ ಶುರುವಾಗುವುದಕ್ಕೆ ಹಿಂದಿನ ವರ್ಷ ನನಗೆ ಹದಿನಾರು. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು, ಕೆಮ್ಮು ಹಿಡಿದದ್ದು ಬಿಡಲಿಲ್ಲ, ಊಟ ಸೇರುತ್ತಿರಲಿಲ್ಲ. ಊಟ ಬಿಟ್ಟವರನ್ನು ಅಮ್ಮ ಹೇಗೆ ನೋಡುತ್ತಾಳೆಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ತಿಂದೆ. ಅಮ್ಮನ ಎದುರಿಗೆ ಕೂತು ಪೂರಾ ಮುದ್ದೆ ನುಂಗಿದೆ, ಇನ್ನರ್ಧ ಕೇಳಿದೆ. ತಿಂದದ್ದನ್ನು ಹಿಪ್ಪುನೇರಳೆ ತೋಟದ ಬದಿಗೆ ಹೋಗಿ ಕಕ್ಕಿ, ಮಣ್ಣು ಮುಚ್ಚಿ ಬರುತ್ತಿದ್ದೆ.

"ಲಚ್ಚಿ ಸಣ್ಣಗಾಗಿದಾಳೆ ಅತ್ತಿಗೆ," ಎಂದು ಪಾಪಮ್ಮತ್ತೆ ಹೇಳಿದರೆ, "ತಿಂತಾಳಲ್ಲ, ನೀನೇ ಬಡಿಸ್ತೀಯ," ಎನ್ನುತ್ತಿದ್ದಳು ಅಮ್ಮ. ತಿನ್ನುವ ಹುಳು ನಡುವೆ ಇರುತ್ತದೆ ಎಂಬ ಲೆಕ್ಕವನ್ನು ನನಗೆ ಕಲಿಸಿದವಳೇ ಆ ಲೆಕ್ಕದಿಂದ ಮೋಸ ಹೋದಳು. ಎರಡು ತಿಂಗಳು ಹೀಗೆ ಹೋಯಿತು. ನಮ್ಮ ವಾರ್ಡಿಗೆ ತಡವಾಗಿ ಬರುವವರಲ್ಲಿ ಕೆಲವರು ಹೀಗೆ ತಿಂದು ತೋರಿಸಿದವರು. ಅವರನ್ನು ನಾನು ಬೈಯುವುದಿಲ್ಲ.

ಒಂದು ಬೆಳಿಗ್ಗೆ ತಟ್ಟೆಯ ಮುಂದೆ ಕೂತಿದ್ದಾಗ ಕೆಮ್ಮು ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡೆ. ತೆಗೆದಾಗ ರಕ್ತವಿತ್ತು. ಅಮ್ಮ ಎದುರು ತಟ್ಟೆಗೆ ಸೊಪ್ಪು ಹಾಕುತ್ತಿದ್ದಳು. ಅವಳು ನೋಡಿದಳು, ನಾನು ನೋಡಿದ್ದನ್ನೂ ನೋಡಿದಳು. "ತಟ್ಟೆ ಬಿಟ್ಟು ಈಚೆ ಬಾ," ಎಂದಳು. ದನಿ ಏರಿರಲಿಲ್ಲ.

ಅಪ್ಪ ಗಾಡಿ ಕಟ್ಟಿಕೊಂಡು ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋದ. ಜಗಲಿಯ ಬೆಂಚಿನ ಮೇಲೆ ಏಳೆಂಟು ಜನ ಕಾಯುತ್ತಿದ್ದರು. ನಾನು ಎರಡು ಸಲ ಕೆಮ್ಮಿದ ಮೇಲೆ ಮೂವರು ಎದ್ದು ಗೋಡೆಯ ಕಡೆ ಹೋಗಿ ನಿಂತರು. ಒಬ್ಬ ಹೆಂಗಸು ಮಾತ್ರ ಏಳಲಿಲ್ಲ. ಬದಲಿಗೆ ತನ್ನ ಗಂಟನ್ನು ಆಚೆ ಸರಿಸಿ ನನಗೆ ಇನ್ನಷ್ಟು ಜಾಗ ಮಾಡಿದಳು. ಕೋಲಾರದಲ್ಲೇ ನೂಲು ತೆಗೆಯುವವರ ಮನೆಯಾಕೆ, ಜುಲೇಖಾಬಿ ಎಂದು ಹೆಸರು ಹೇಳಿದಳು. ಗಂಡನಿಗೆ ಔಷಧಿ ತಗೊಳ್ಳಲು ಬಂದಿದ್ದಳು.

"ಯಾವೂರು ಬೇಟಿ?"

"ಸುಗಟೂರು."

"ಅರೆ, ಹಂಗಾದ್ರೆ ನಿಮ್ಮ ಗೂಡು ನನ್ ಕೈಯಾಗೇ ಬೆಂದಿರತ್ತೆ," ಎಂದು ಎರಡೂ ಅಂಗೈ ಚಾಚಿ ತೋರಿಸಿದಳು. ಗೂಡು ಬೇಯಿಸುವ ಬಿಸಿ ನೀರಿನಲ್ಲಿ ಅದ್ದಿ ಅದ್ದಿ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿದ್ದವು. "ನೋಡು, ಬಿಸೀನೂ ಗೊತ್ತಾಗಲ್ಲ, ತಣ್ಣಗೂ ಗೊತ್ತಾಗಲ್ಲ. ನಮ್ಮ ಸಾಹೇಬ್ರು ಇದರಿಂದಾನೇ ಬಯ್ತಾರೆ. ಚಾಯ್ ಯಾವಾಗ್ಲೂ ಬಾಯಿ ಸುಡೋ ಹಂಗ್ ಕೊಡ್ತೀಯ ಅಂತ."

ನಾನು ನಕ್ಕೆ. ನಕ್ಕಾಗ ಕೆಮ್ಮು ಬಂತು. ಆಕೆ ಆಗಲೂ ಏಳಲಿಲ್ಲ. ಇದು ಸಣ್ಣ ವಿಷಯ. ಆದರೆ ಆ ದಿನ ನಡೆದ ಎಲ್ಲದರಲ್ಲಿ ನನಗೆ ಅತ್ಯಂತ ಸ್ಪಷ್ಟವಾಗಿ ನೆನಪಿರುವುದು ಇದೇ.

ಡಾಕ್ಟರು ಬೆನ್ನಿನ ಮೇಲೆ ಬೆರಳಿಟ್ಟು ಬಡಿದು ನೋಡಿದರು, ಕೊಳವೆ ಇಟ್ಟು ಕೇಳಿದರು, ಕಫ ಹಿಡಿದು ತರಲು ಮುಚ್ಚಳವಿರುವ ಡಬ್ಬಿ ಕೊಟ್ಟರು. ಮುಂದಿನ ಸಲ ಹೋದಾಗ ಅಪ್ಪನನ್ನು ಒಳಗೆ ಕರೆದು ಬಾಗಿಲು ಅರ್ಧ ಮುಚ್ಚಿದರು. ಅರ್ಧ ಮುಚ್ಚಿದ ಬಾಗಿಲಿನಿಂದ ಎಲ್ಲ ಕೇಳುತ್ತದೆ.

"ಸ್ವಾಮಿ, ಅವಳು ಎರಡು ಮುದ್ದೆ ತಿಂತಾಳೆ," ಎಂದ ಅಪ್ಪ.

"ತಿನ್ನಲಿ. ರೋಗ ಬೇರೆ, ತಿನ್ನೋದು ಬೇರೆ. ಗಡಿಯಾಚೆ ಗುಡ್ಡದ ಮೇಲೆ ಕ್ಷಯದವರಿಗೇ ಅಂತ ಆಸ್ಪತ್ರೆ ಇದೆ. ಜಾಗ ಕೇಳಿ ಕಾಗದ ಬರೀತೀನಿ. ಅಲ್ಲೀವರೆಗೂ ಬೇರೆ ತಟ್ಟೆ, ಬೇರೆ ಲೋಟ, ಬೇರೆ ಮಲಗೋ ಜಾಗ."

"ಕಾಗದದಲ್ಲಿ ಆ ಹೆಸರು ಬರೀಲೇಬೇಕಾ ಸ್ವಾಮಿ? ನಮ್ಮೂರ ಅಂಚೆಯವನು ಓದ್ತಾನೆ."

ಅಪ್ಪ ಊರಿನಲ್ಲಿ ಶೀತ ಕೂತಿದೆ ಎಂದು ಹೇಳಿದ. ಊರು ನಂಬಿದಂತೆ ಮಾಡಿತು. ನಮ್ಮ ಬಾಗಿಲಿಗೆ ಬರುವುದನ್ನು ಬಿಟ್ಟಿತು.

ನನಗೆ ಗಾಡಿ ನಿಲ್ಲಿಸುವ ಕೊಟ್ಟಿಗೆಯನ್ನು ತೊಳೆದು, ಸುಣ್ಣ ಬಳಿದು, ಚಾಪೆ ಹಾಕಿಕೊಟ್ಟರು. ಆಗ ನನಗೆ ತಿಳಿದದ್ದು ಒಂದು: ನಮ್ಮ ಮನೆಯಲ್ಲಿ ರೋಗ ಮುಟ್ಟುವವಳು ನಾನೊಬ್ಬಳೇ. ಆ ನಾನೇ ಕಾಯಿಲೆ ಬಿದ್ದರೆ ಮುಟ್ಟುವವರು ಯಾರೂ ಉಳಿದಿರಲಿಲ್ಲ. ಪಾಪಮ್ಮತ್ತೆ ಬರುತ್ತೇನೆಂದಳು. ಅಡಿಗೆ ಮಾಡುವವಳು ಬೇಡ ಎಂದು ಅಪ್ಪ ತಡೆದ. ಅಮ್ಮ ದಿನಕ್ಕೆ ಮೂರು ಸಲ ಊಟ ತಂದು ಕೊಟ್ಟಿಗೆಯ ಹೊಸ್ತಿಲ ಹೊರಗೆ ಇಟ್ಟು, ನಾಲ್ಕು ಮಾರು ಆಚೆ ಒರಳುಕಲ್ಲಿನ ಮೇಲೆ ಕೂತು, ನಾನು ಉಣ್ಣುವುದನ್ನು ನೋಡುತ್ತಿದ್ದಳು.

"ಇವತ್ತು ಕಣ್ಣು ತಿಳಿಯಾಗಿದೆ."

"ಹೂಂ."

"ಬೆನ್ನು ತಿರುಗಿಸಿ ಕೂತ್ಕೋ. ಉಸಿರು ನೋಡ್ತೀನಿ."

ತಿರುಗಿ ಕೂರುತ್ತಿದ್ದೆ. ಬೆನ್ನಿನ ಮೇಲೆ ಅವಳ ನೋಟ ಎಲ್ಲಿದೆ ಎಂದು ನನಗೆ ಗೊತ್ತಾಗುತ್ತಿತ್ತು ಎಂದು ಬರೆದರೆ ವರದಿ ಪುಸ್ತಕದ ನಿಯಮ ಮುರಿದಂತೆ. ಆದರೂ ಬರೆಯುತ್ತೇನೆ, ಗೊತ್ತಾಗುತ್ತಿತ್ತು.

ಆಗ ಒಳಗೆ ಬೆಳೆ ನಡೆದಿತ್ತು. ಅಮ್ಮನದು ಸೊಪ್ಪಿನ ಕೈ. ಮುಟ್ಟಲಾರಳು ಎಂಬುದು ನನಗೆ ಏಳನೇ ವರ್ಷದಿಂದ ತಿಳಿದ ವಿಷಯ, ಅದರಲ್ಲಿ ದೂರುವುದೇನೂ ಇರಲಿಲ್ಲ. ಗೂಡು ಬಿಡಿಸುವ ದಿನಕ್ಕಾಗಿ ಕಾದೆ. ಹುಳು ಹಣ್ಣಾಯಿತು, ಚಂದ್ರಿಕೆಗಳನ್ನು ಅಂಗಳದ ಬಿಸಿಲಿಗೆ ತಂದು ಒರಗಿಸಿದರು, ಐದನೇ ದಿನ ಗೂಡು ಬಿಡಿಸಿದರು. ಕೊಟ್ಟಿಗೆಯಿಂದ ಎಲ್ಲವೂ ಕಾಣುತ್ತಿತ್ತು. ಮಧ್ಯಾಹ್ನ ಹಂಡೆಯ ಒಲೆ ಹೊಗೆಯಾಡಿತು. ನಾನು ಜಡೆ ಬಿಚ್ಚಿಕೊಂಡು ಕೂತೆ.

ಅಮ್ಮ ಬಂದಳು. ಎಣ್ಣೆಯ ಬಟ್ಟಲನ್ನು ಹೊಸ್ತಿಲ ಹೊರಗೆ ಇಟ್ಟಳು. ಬಿಸಿನೀರಿನ ಕೊಡವನ್ನೂ ಇಟ್ಟಳು. "ಹಚ್ಕೊಂಡು ಸ್ನಾನ ಮಾಡು," ಎಂದು ಹೇಳಿ ಒರಳುಕಲ್ಲಿನವರೆಗೂ ಹೋಗಿ, ಅಲ್ಲಿ ಕೂರದೆ, ಒಳಗೆ ಹೋದಳು. ಅಂದೇ ಸಂಜೆ ಮುಂದಿನ ಬೆಳೆಗೆ ಹುಳುವಿನ ಹೊಸ ಮೊಟ್ಟೆ ತರಿಸಿದಳು.

ಪಾಪಮ್ಮತ್ತೆಯ ದನಿ ಅಂಗಳದ ತುಂಬ ಕೇಳಿತು. "ನಿಂಗೆ ಹುಳಾನೇ ಮಕ್ಳು ಕಣಮ್ಮ. ಇವಳು ಸೊಪ್ಪು ತಿನ್ನಲ್ಲ ನೋಡು, ಅದಕ್ಕೇ ನಿನ್ ಕಣ್ಣಿಗೆ ಬೀಳಲ್ಲ."

ನಾನು ತಲೆಗೆ ಎಣ್ಣೆ ಹಚ್ಚಿಕೊಳ್ಳಲಿಲ್ಲ. ಬಟ್ಟಲನ್ನು ಹಾಗೆಯೇ ಬಿಟ್ಟೆ.

ಆಸ್ಪತ್ರೆಯಿಂದ ಜಾಗವಿದೆ ಎಂಬ ಕಾಗದ ಬಂದದ್ದು ಮುಂದಿನ ಬೆಳೆಯ ಕೊನೆಯ ವಾರ. ಹುಳು ಹಗಲೂ ರಾತ್ರಿ ಮೇಯುವ ಕಾಲ. ಹೊರಡುವ ಬೆಳಿಗ್ಗೆ ಅಮ್ಮ ಸೊಪ್ಪಿನ ಬುಟ್ಟಿ ಸೊಂಟದ ಮೇಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. "ಹೋಗಿದ್ದು ಬಾ," ಎಂದಳು. ಗಾಡಿ ಕೆರೆಯ ಏರಿಗೆ ಬರುವವರೆಗೆ ನಾನು ಹಿಂದಕ್ಕೆ ನೋಡುತ್ತಿದ್ದೆ. ಅವಳು ಅಲ್ಲೇ ಇದ್ದಳೋ ಇಲ್ಲವೋ ಆ ದೂರದಿಂದ ಹೇಳಲಾಗಲಿಲ್ಲ.

ಕೋಲಾರದಿಂದ ಶ್ರೀನಿವಾಸಪುರದವರೆಗೆ ಸಣ್ಣ ರೈಲು, ಅಲ್ಲಿಂದ ಮುಂದೆ ಮೋಟಾರು. ಆಸ್ಪತ್ರೆ ಮಿಷನ್ನಿನವರದು. ಅಪ್ಪ ಕಾಗದಗಳಿಗೆ ಹೆಬ್ಬೆಟ್ಟು ಒತ್ತಿ, ಸಂಜೆಯ ಮೋಟಾರು ತಪ್ಪುತ್ತದೆ ಎಂದು ಹೊರಟ. ಉದ್ದನೆಯ ಜಗಲಿ, ಸಾಲಾಗಿ ಹತ್ತು ಮಂಚ, ಒಂಬತ್ತರ ಮೇಲೆ ಹೆಂಗಸರು. ಕೊನೆಯದು ನನ್ನದು. ಸುಂದರಮ್ಮ ಎಂಬ ತೆಲುಗಿನ ದಾದಿ ಬಂದು ಜ್ವರ ನೋಡಿದರು, ಬರೆದುಕೊಂಡರು. ಹೋದವರು ಬಾಚಣಿಗೆ ಹಿಡಿದು ತಿರುಗಿ ಬಂದರು.

"ಎಷ್ಟು ದಿನ ಆಯ್ತು ತಲೆ ಬಾಚಿ? ರಾ ತಲ್ಲೀ, ಇಲ್ಲಿ ಕೂತ್ಕೋ," ಎಂದು ಕರೆದು ಮಂಚದ ತುದಿಯಲ್ಲಿ ಕೂರಿಸಿಕೊಂಡರು.

ಸಿಕ್ಕು ಬಿಡಿಸಲು ಬಹಳ ಹೊತ್ತು ಹಿಡಿಯಿತು. ಒಂದು ಕೈಯಲ್ಲಿ ತಲೆಯನ್ನು ಹಿಡಿದಿದ್ದರು. ಲೆಕ್ಕ ಹಾಕಿದೆ. ಡಾಕ್ಟರ ಬೆರಳುಗಳನ್ನು ಬಿಟ್ಟರೆ ಒಬ್ಬರು ನನ್ನನ್ನು ಮುಟ್ಟಿ ಎರಡು ತಿಂಗಳಾಗಿತ್ತು. ಆ ಕೈ ಅಮ್ಮನದಾಗಿದ್ದರೆ ಎಂದು ಯೋಚಿಸಿದೆ. ಸುಂದರಮ್ಮನವರಿಗೆ ಅನ್ಯಾಯ ಮಾಡಿದಂತೆ ಎಂದೂ ಯೋಚಿಸಿದೆ. ಎರಡೂ ಯೋಚನೆ ಒಟ್ಟಿಗೆ ಇದ್ದವು.

ಚಿಕಿತ್ಸೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಲಗುವುದೇ ಮುಖ್ಯ ಔಷಧಿ. ವಾರಕ್ಕೊಮ್ಮೆ ಪಕ್ಕೆಗೆ ದಪ್ಪ ಸೂಜಿ ಚುಚ್ಚಿ ಎದೆಗೂಡಿನೊಳಕ್ಕೆ ಗಾಳಿ ಬಿಡುತ್ತಿದ್ದರು, ಕೆಟ್ಟ ಶ್ವಾಸಕೋಶ ಮುದುಡಿ ವಿಶ್ರಾಂತಿ ಪಡೆಯಲಿ ಎಂದು. ಆ ದಿನ ಬಾಗಿಲ ಹೊರಗೆ ಸಾಲಾಗಿ ಕೂತು ಕಾಯುವಾಗ ಹೆಂಗಸರೆಲ್ಲ ಅಡಿಗೆಯ ಮಾತಾಡುತ್ತಿದ್ದರು. ಸೂಜಿಯ ಮಾತು ಯಾರೂ ಎತ್ತುತ್ತಿರಲಿಲ್ಲ. ಒಂದು ದಿನ ಒಬ್ಬಳು ಉಪ್ಸಾರಿಗೆ ಬೆಳ್ಳುಳ್ಳಿ ಎಷ್ಟು ಎಂಬ ಜಗಳದ ನಡುವೆ ಒಳಗೆ ಹೋಗಿ, ಗಾಳಿ ಹಾಕಿಸಿಕೊಂಡು ಬಂದು, ಜಗಳವನ್ನು ಬಿಟ್ಟಲ್ಲಿಂದಲೇ ಮುಂದುವರಿಸಿದಳು.

ಅಪ್ಪ ಊರಿನ ಮೇಷ್ಟರ ಕೈಯಲ್ಲಿ ತಿಂಗಳಿಗೊಂದು ಕಾರ್ಡು ಬರೆಸುತ್ತಿದ್ದ. ಬಾವಿಯ ನೀರು, ಸೊಪ್ಪು, ಎತ್ತಿನ ಕಾಲುನೋವು. ಕೊನೆಯ ಸಾಲು ಯಾವಾಗಲೂ ಅಮ್ಮನದು: ಏನು ತಿನ್ನುತ್ತೀಯ ಎಂದು ಕೇಳಿದ್ದಾಳೆ. ನಾನು ತಿಂದದ್ದನ್ನೆಲ್ಲ ಬರೆದು ಕಳಿಸುತ್ತಿದ್ದೆ. ಈ ಸಲ ಸುಳ್ಳು ಬರೆಯಲಿಲ್ಲ. ಅಮ್ಮ ಯಾವಾಗ ಬರುತ್ತಾಳೆ ಎಂದು ಪ್ರತಿ ಕಾಗದದಲ್ಲೂ ಕೇಳಿದೆ. ಅದಕ್ಕೆ ಉತ್ತರ ಬರಲಿಲ್ಲ. ಶನಿವಾರ ನೋಡಲು ಬರುವವರ ದಿನ. ಗುಡ್ಡದ ಕೆಳಗೆ ಮೋಟಾರು ನಿಂತಾಗ ಇಳಿಯುವವರ ತಲೆಗಳು ಜಗಲಿಯಿಂದ ಕಾಣುತ್ತಿದ್ದವು. ಅವರಲ್ಲಿ ಅಮ್ಮನ ನಡಿಗೆ ಇಲ್ಲವೆಂದು ಖಚಿತವಾಗುವಷ್ಟರಲ್ಲಿ ಅವರು ಅರ್ಧ ಗುಡ್ಡ ಹತ್ತಿರುತ್ತಿದ್ದರು. ಆ ಅರ್ಧ ಗುಡ್ಡದ ಹೊತ್ತು ನನ್ನ ವಾರದ ಅತ್ಯುತ್ತಮ ಹೊತ್ತು.

ಎದ್ದು ಓಡಾಡಲು ಬಿಟ್ಟ ಮೇಲೆ, ಏಳನೇ ತಿಂಗಳಲ್ಲಿ, ನಾನು ಸುಂದರಮ್ಮನವರ ಬಳಿ ಹೋಗಿ ಹೇಳಿದೆ: "ಮೂರನೇ ಮಂಚದವರು ಉಳಿಯಲ್ಲ ಅನ್ಸತ್ತೆ."

ಅವರು ಬರೆಯುತ್ತಿದ್ದವರು ತಲೆ ಎತ್ತಿದರು. ಮೂರನೇ ಮಂಚದಲ್ಲಿದ್ದವರು ಮಾಲೂರಿನ ಗಂಗಮ್ಮ, ಹೆಂಚು ಸುಡುವವರ ಮನೆಯವರು. ಅಂದು ಅವರ ಜ್ವರ ಇಳಿದಿತ್ತು, ಡಾಕ್ಟರು ಪರವಾಗಿಲ್ಲ ಎಂದಿದ್ದರು.

"ಯಾರು ಹೇಳಿದ್ರು?"

"ಯಾರೂ ಇಲ್ಲ. ಮೂರು ದಿನದಿಂದ ಮಂಚದ ಅಂಚಿಗೆ ಬಂದು ಮಲಗ್ತಿದಾರೆ. ತಟ್ಟೇಲಿರೋದನ್ನ ಕಲಸಿ ಕಲಸಿ ಹಂಗೇ ಇಡ್ತಾರೆ." ಹುಳುವಿನ ಮನೆಯ ವಿಷಯವನ್ನೂ ಹೇಳಿದೆ.

ಸುಂದರಮ್ಮ ಪೂರ್ತಿ ಕೇಳಿದರು. "ನೋಡೋದು ಚೆನ್ನಾಗಿ ಕಲಿಸಿದಾರೆ ನಿಮ್ಮಮ್ಮ. ಆರಿಸಿದ ಮೇಲೆ ಏನ್ಮಾಡ್ತಿದ್ದೆ?"

"ಸುಣ್ಣದ ಗುಂಡಿಗೆ ಹಾಕ್ತಿದ್ದೆ."

"ಇಲ್ಲಿ ಗುಂಡಿ ಇಲ್ಲ. ನೋಡಿದ್ದೀಯಲ್ಲ, ಹೋಗಿ ಪಕ್ಕದಲ್ಲಿ ಕೂತ್ಕೋ."

ಹೋಗಿ ಕೂತೆ. ಏನು ಮಾಡಬೇಕೆಂದು ಗೊತ್ತಿರಲಿಲ್ಲ. ನನಗೆ ಎತ್ತಿ ಹಾಕಲು ಬರುತ್ತಿತ್ತು, ಜೊತೆಗಿರಲು ಬರುತ್ತಿರಲಿಲ್ಲ. ಗಂಗಮ್ಮನೇ ಕಾಲನ್ನು ನನ್ನ ಮಡಿಲಿಗೆ ಚಾಚಿ, "ಒತ್ತೇ ತಾಯಿ, ಮರಗಟ್ಟಿದೆ," ಎಂದರು. ಒತ್ತಿದೆ. ಅವರು ಹೆಂಚಿನ ಗೂಡಿನ ಮಾತಾಡಿದರು. ಬೆಂದ ಹೆಂಚನ್ನು ಬೆರಳಿನಿಂದ ತಟ್ಟಿದರೆ ಒಳ್ಳೆಯದು ಗಂಟೆಯಂತೆ ಉಲಿಯುತ್ತದಂತೆ, ಬಿರುಕು ಬಿಟ್ಟದ್ದು ಮಂಕಾಗಿ. "ನನ್ನೂ ದಿನಾ ತಟ್ಟಿ ನೋಡ್ತಾರೆ ಡಾಕ್ಟ್ರು. ಅವರಿಗಿಂತ ಮುಂಚೆ ನಂಗೇ ಗೊತ್ತು," ಎಂದು ನಕ್ಕರು. ಒಂಬತ್ತು ದಿನ ಹಾಗೆ ಕೂತೆ. ಹತ್ತನೇ ದಿನ ಬೆಳಿಗ್ಗೆ ಗಂಜಿಯ ಹೊತ್ತಿಗೆ ಅವರು ಹೋದರು. ಅವರ ಮನೆಯಿಂದ ಯಾರೂ ಬಂದಿರಲಿಲ್ಲ. ನಾನು ಇದ್ದೆ. ಈ ಕೆಲಸಕ್ಕೆ ನಾನು ಹೇಗೆ ಬಂದೆ ಎಂದು ಕೇಳುವವರಿಗೆ ನಾನು ಕೊಡಬಹುದಾದ ಉತ್ತರ ಆ ಒಂಬತ್ತು ದಿನ.

ಹದಿನಾಲ್ಕನೇ ತಿಂಗಳು ಮನೆಗೆ ಕಳಿಸಿದರು. ಅಪ್ಪ ಬಂದು ಕರೆದುಕೊಂಡು ಹೋದ. ಅಮ್ಮ ಬಾಗಿಲಲ್ಲಿದ್ದಳು.

"ಬೆಳಕಿಗೆ ಬಾ. ತಿರುಗು," ಎಂದಳು. ತಿರುಗಿದೆ. "ಚೆನ್ನಾಗಿದೀಯ."

ಒಂದು ಹೆಜ್ಜೆ ಮುಂದೆ ಹೋದೆ. ಅಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ತೆಗೆದುಕೊಂಡಳು. "ಬೇಡ. ಬೆಳೆ ಇದೆ. ನಂದೀಗ ರೋಗದ ಕೈ."

ನಾನು ಹೋದ ಮರುದಿನವೇ ಅಮ್ಮ ಸೊಪ್ಪಿನ ಬುಟ್ಟಿಯನ್ನು ಅತ್ತೆಗೆ ಕೊಟ್ಟು, ನಾನು ಕೂರುತ್ತಿದ್ದ ಜಾಗದಲ್ಲಿ ಕೂತಳಂತೆ. ಪಾಪಮ್ಮತ್ತೆಯೇ ಹೇಳಿದಳು. "ಕಣ್ಣು ಸರಿಯಾಗಿ ಕಾಣಲ್ಲ, ಆದ್ರೂ ಕೇಳಲಿಲ್ಲ. ಒಂದು ಬೆಳೆ ಅರ್ಧ ಹೋಯ್ತು ಇವಳಿಂದ. ನಾನು ಬೈದೆ. ಲಚ್ಚಿ ಜಾಗ ಖಾಲಿ ಬಿಡಕ್ಕಾಗಲ್ಲ ಅಂದ್ಳು."

ಮನೆಯಲ್ಲಿ ಒಂದೂವರೆ ವರ್ಷ ಇದ್ದೆ. ಗೂಡು ಬಿಡಿಸಿದ ದಿನ ಅಮ್ಮ ಎಣ್ಣೆ ಕಾಯಿಸಿ ಇಡುತ್ತಿದ್ದಳು, ತಲೆಗೆ ಹಚ್ಚಿಕೊಳ್ಳುತ್ತಿದ್ದವಳು ನಾನೇ. ಮೈ ತುಂಬಿಕೊಂಡಿತು. ಅಪ್ಪ ವರ ನೋಡುವ ಮಾತು ತೆಗೆದ, ಕಾಯಿಲೆಯ ವಿಷಯ ಹೇ‍ಳುವುದು ಬೇಡ ಎಂದ. ನಾನು ಹೇಳುತ್ತೇನೆ ಎಂದೆ. ಅಲ್ಲಿಗೆ ಆ ಮಾತು ನಿಂತಿತು. ಆಗ ಸುಂದರಮ್ಮನವರ ಕಾಗದ ಬಂತು. ಗುಣವಾದವರಲ್ಲಿ ಕೆಲವರನ್ನು ದಾದಿಯ ಕೆಲಸ ಕಲಿಯಲು ತೆಗೆದುಕೊಳ್ಳುತ್ತಾರೆ, ಬರುತ್ತೀಯಾ ಎಂದು.

"ಯಾರ್ಯಾರ್ದೋ ಕಫ ಎತ್ತಕ್ಕೆ ಹೋಗ್ತೀಯಾ?" ಎಂದ ಅಪ್ಪ. "ಯಾವ ಜಾತಿ, ಯಾವ ಕುಲ, ಏನೂ ನೋಡದೆ?"

ಅಮ್ಮ ತಟ್ಟೆಯ ಮೇಲಿನಿಂದ ಕಣ್ಣು ತೆಗೆಯದೆ ಹೇಳಿದಳು: "ಏಳು ವರ್ಷಕ್ಕೇ ಹಚ್ಚಿದ ಕೆಲಸ ಅದು. ಹಚ್ಚಿದವಳು ನಾನು. ಈಗ ಬೇಡ ಅಂದ್ರೆ ಅವಳು ಇನ್ನೇನು ಮಾಡಬೇಕು?"

ಹೊರಡುವ ತಿಂಗಳು ಅಮ್ಮ ಮೊಟ್ಟೆ ತರಿಸಲಿಲ್ಲ. ನಾನು ತಿಳಿದಂತೆ ನಮ್ಮ ಮನೆಯಲ್ಲಿ ಬೆಳೆಯ ಕಾಲದಲ್ಲಿ ತಟ್ಟೆಗಳು ಖಾಲಿ ಇದ್ದ ಮೊದಲ ತಿಂಗಳು ಅದು. ಏಕೆಂದು ಅಪ್ಪ ಕೇಳಿದಾಗ, "ಶ್ರೀನಿವಾಸಪುರದ ತಂಕ ನಾನೂ ಹೋಗಿ ಬರ್ತೀನಿ," ಎಂದಳು. ಅಮ್ಮ ರೈಲು ಹತ್ತಿದ್ದು ಅದೇ ಮೊದಲು. ಕಿಟಕಿಯ ಹೊರಗಿನ ಹಿಪ್ಪುನೇರಳೆ ತೋಟಗಳನ್ನು ನೋಡುತ್ತ, ಇದಕ್ಕೆ ಗೊಬ್ಬರ ಸಾಲದು, ಇದು ಪರವಾಗಿಲ್ಲ ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು.

ಶ್ರೀನಿವಾಸಪುರದಲ್ಲಿ ಮೋಟಾರು ಬರುವುದು ತಡವಿತ್ತು. ಹೊಂಗೆಮರದ ಕೆಳಗೆ ಕೂತೆವು. ಇನ್ನು ಕೇಳದಿದ್ದರೆ ಎಂದೂ ಕೇಳಲಾರೆ ಎನಿಸಿತು.

"ಅವತ್ತು ಗೂಡು ಬಿಡಿಸಿದ ದಿನ ಯಾಕಮ್ಮ ತಲೆ ಮುಟ್ಟಲಿಲ್ಲ? ಬೆಳೆ ಮುಗಿದಿತ್ತಲ್ಲ."

ಅಮ್ಮ ರಸ್ತೆಯ ಕಡೆ ನೋಡುತ್ತಲೇ ಹೇಳಿದಳು. "ಮುಟ್ಟಿದ್ದಿದ್ರೆ ನಿನ್ನ ಕಳಿಸ್ತಿರಲಿಲ್ಲ ಕಣೇ. ಅವತ್ತು ಆಸ್ಪತ್ರೆ ಕಾಗದ ಬಂದಿರಲಿಲ್ಲ. ಬಂದ್ರೂ ಹರಿದು ಹಾಕ್ತಿದ್ದೆ. ಮನೇಲೇ ಇಟ್ಕೊಂಡು ಬಿಡ್ತಿದ್ದೆ. ಇಟ್ಕೊಂಡಿದ್ರೆ..."

ಮಾತು ಮುಗಿಸದೆ ನನ್ನ ಬಲಗೈಯನ್ನು ಎತ್ತಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಬೆಳಕಿಗೆ ಹಿಡಿದು, ಒಂದೊಂದೇ ಬೆರಳನ್ನು ಬಿಡಿಸಿ, ಉಗುರುಗಳನ್ನು ನೋಡಿ, ಅಂಗೈ ತಿರುಗಿಸಿ ನೋಡಿದಳು. ನೋಡಿ ಮುಗಿದ ಮೇಲೂ ಬಿಡಲಿಲ್ಲ. ಅವಳ ಹೆಬ್ಬೆರಳು ಸೊಪ್ಪು ಹೆಚ್ಚಿ ಹೆಚ್ಚಿ ಒರಟಾಗಿತ್ತು. ನನಗೆ ಹದಿನಾರರಲ್ಲಿ ಬೇಕಾಗಿದ್ದ ಕೈ ಅದು. ಬಂದಾಗ ನನಗೆ ಹತ್ತೊಂಬತ್ತು. ಇಷ್ಟಾದರೂ ಬಂತು ಎಂದು ನೆನಸುವ ದಿನಗಳಿವೆ. ಆ ಹದಿನಾರರ ಹುಡುಗಿ ಕೊಟ್ಟಿಗೆಯಲ್ಲಿ ಜಡೆ ಬಿಚ್ಚಿಕೊಂಡು ಇನ್ನೂ ಕೂತಿದ್ದಾಳೆ ಎಂದು ಅನಿಸುವ ದಿನಗಳೂ ಇವೆ.

ಮೋಟಾರು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಜನ ನುಗ್ಗಿದರು. ಕಿಟಕಿಯ ಪಕ್ಕದ ಜಾಗ ಹೋಗುತ್ತದೆಂದು ನನಗೆ ಅವಸರವಾಯಿತು. ಅಮ್ಮ ಇನ್ನೂ ಕೂತೇ ಇದ್ದಳು. ಮೊದಲು ಕೈ ಬಿಡಿಸಿಕೊಂಡವಳು ನಾನು.